ದೊಡ್ಡ ಟೈರಿನ ಜಿಪ್ಸಿಗೆ ಎಲೆಕ್ಟ್ರಿಕ್ ಪವರ್ ಸ್ಟಿಯರಿಂಗ್: ಒಂದು ಮಳೆಗಾಲ ಓಡಿಸಿದ ಮೇಲೆ

ಅಪ್ಪ ಜಿಪ್ಸಿ ಓಡಿಸುವುದನ್ನು ಬಿಟ್ಟದ್ದು ನಾನು ಟೈರ್ ಬದಲಿಸಿದ ತಿಂಗಳಲ್ಲೇ. ನಮ್ಮದು 2011ರ ಜಿಪ್ಸಿ ಕಿಂಗ್, ಮಾರುತಿಯ ಜೀಪಿನಂಥ ಗಾಡಿ. ಉಡುಪಿ ಜಿಲ್ಲೆಯ ಹೆಬ್ರಿ ಹತ್ತಿರ ಮನೆ. ಮನೆಯಿಂದ ಅಡಿಕೆ ತೋಟಕ್ಕೆ ಇಳಿಯುವ ಮಣ್ಣು ದಾರಿ ಜೂನ್ ಬಂದರೆ ಬರೀ ಕೆಸರು. ಕಂಪನಿ ಕೊಟ್ಟ 205/70 ಆರ್15 ಟೈರಿನಲ್ಲಿ ಗಾಡಿಯ ಹೊಟ್ಟೆ ತಾಗುತ್ತಿತ್ತು ಅಂತ 235/75 ಆರ್15 ಹಾಕಿಸಿದೆ. ಟೈರ್ ಲೀಫಿಗೆ (ಸ್ಪ್ರಿಂಗ್ ಪಟ್ಟಿಗೆ) ಉಜ್ಜಬಾರದು ಅಂತ ಚಕ್ರವನ್ನು ಹೊರಗೆ ತಳ್ಳುವ ಸ್ಪೇಸರ್, ಮಡ್‌ಗಾರ್ಡಿಗೆ ತಾಗಬಾರದು ಅಂತ ಗಾಡಿಯನ್ನು ಎತ್ತರಿಸುವ ಉದ್ದದ ಶ್ಯಾಕಲ್ (ಲೀಫನ್ನು ಚಾಸಿಗೆ ಜೋಡಿಸುವ ಕೊಂಡಿ). ಹಳೆ ಟೈರಿನ ವ್ಯಾಸ ಸುಮಾರು 668 ಮಿಲಿಮೀಟರ್, ಹೊಸದು 734ರ ಹತ್ತಿರ. ಕೆಸರಿನಲ್ಲಿ ಗಾಡಿ ಚೆನ್ನಾಗಿಯೇ ಹೋಯಿತು. ಆದರೆ ಅಂಗಳದಲ್ಲಿ ತಿರುಗಿಸುವಾಗ ಅಪ್ಪ ಸೀಟಿನಿಂದ ಅರ್ಧ ಎದ್ದು ಎರಡೂ ಕೈಯಲ್ಲಿ ಎಳೆಯಬೇಕಾಯಿತು. ಅವರಿಗೆ 67, ಬಲಭುಜ ಮೊದಲೇ ನೋವು. ಎರಡು ವಾರ ನೋಡಿ, "ಇದು ಇನ್ನು ನೀನೇ ಇಟ್ಕೋ" ಅಂತ ಕೀ ನನ್ನ ಕೈಗೆ ಕೊಟ್ಟರು.

ಜಿಪ್ಸಿ ನಮ್ಮ ದೇಶಕ್ಕೆ ಬಂದದ್ದು 1985ರಲ್ಲಿ. ಮೂವತ್ತು ವರ್ಷಕ್ಕಿಂತ ಜಾಸ್ತಿ ತಯಾರಾದರೂ ಪವರ್ ಸ್ಟಿಯರಿಂಗ್ ಮಾತ್ರ ಕೊನೆಯ ತನಕ ಬರಲಿಲ್ಲ. ಹಾಗಾಗಿ ಹೊರಗೆ ಹಾಕಿಸುವುದೊಂದೇ ದಾರಿ.

ಮೊದಲು ಕೇಳಿದ ಕಡೆ ಗಾಡಿಯ ಅಡಿಗೆ ಬಗ್ಗಿ ಕೂಡ ನೋಡಲಿಲ್ಲ. "ಬೆಳಿಗ್ಗೆ ಬಿಡಿ, ಸಂಜೆ ತಗೊಂಡು ಹೋಗಿ" ಅಂದರು. ನನಗೆ ಯಾಕೋ ಸರಿ ಅನಿಸಲಿಲ್ಲ. ಕೊನೆಗೆ ಮಂಗಳೂರಿನ ಬೈಕಂಪಾಡಿ ಒಳಗಿನ ಒಂದು ಸಣ್ಣ ಗ್ಯಾರೇಜಿಗೆ ಹೋದೆ. ಅಲ್ಲಿಯ ಮೇಸ್ತ್ರಿ ಎದುರಿನ ಚಕ್ರ ಜಾಕ್ ಹಾಕಿ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ ಹೇಳಿದ್ದು ಇಷ್ಟೇ: "ಇದರಲ್ಲಿ ಇಷ್ಟು ಪ್ಲೇ ಉಂಟು ಮಾರಾಯ್ರೆ. ಈಗ ಮೋಟರ್ ಹಾಕಿದ್ರೆ ಸ್ಟಿಯರಿಂಗ್ ಹಗುರ ಆಗ್ತದೆ, ಆದ್ರೆ ಸೀಕು ಹಾಗೇ ಇರ್ತದೆ. ನಿಮ್ಗೆ ಗೊತ್ತಾಗ್ಲಿಕ್ಕಿಲ್ಲ ಅಷ್ಟೇ."

ನಾನು ಈ ಕೆಲಸಕ್ಕೆ ಕೊಟ್ಟ ದುಡ್ಡಿನಲ್ಲಿ ಜಾಸ್ತಿ ಬೆಲೆ ಬಾಳಿದ್ದು ಈ ಮಾತು. ಜಿಪ್ಸಿಯ ಎದುರಿನ ಆಕ್ಸಲ್ ಒಂದೇ ಗಟ್ಟಿ ತುಂಡು, ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ಎಡಬಲಕ್ಕೆ ಹೊರಳುವುದು ಕಿಂಗ್‌ಪಿನ್ ಅನ್ನುವ ಗೂಟದ ಮೇಲೆ. ಆ ಬೇರಿಂಗ್ ಸವೆದರೆ 60–70ರ ವೇಗದಲ್ಲಿ ಎದುರಿನ ಚಕ್ರ ನಡುಗಲು ಶುರುವಾಗುತ್ತದೆ. ಭಾರದ ಟೈರ್ ಹಾಕಿದ ಮೇಲೆ ಆ ನಡುಕ ಇನ್ನೂ ಜೋರು. ನನ್ನ ಗಾಡಿಯಲ್ಲಿ ಎರಡೂ ಬದಿಯ ಕಿಂಗ್‌ಪಿನ್ ಬೇರಿಂಗ್, ಸ್ಟಿಯರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್ ಮತ್ತು ಡ್ರ್ಯಾಗ್ ಲಿಂಕಿನ ಒಂದು ತುದಿ, ನಡುಕ ತಡೆಯುವ ಸ್ಟಿಯರಿಂಗ್ ಡ್ಯಾಂಪರ್ ಎಲ್ಲ ಹೋಗಿತ್ತು. ಉದ್ದದ ಶ್ಯಾಕಲ್‌ನಿಂದ ಕ್ಯಾಸ್ಟರ್, ಅಂದರೆ ಕಿಂಗ್‌ಪಿನ್ ಹಿಂದಕ್ಕೆ ವಾಲಿರುವ ಓರೆ, ಕಡಿಮೆಯಾಗಿ, ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ನೇರ ಬರುತ್ತಿರಲಿಲ್ಲ. ಲೀಫ್ ಮತ್ತು ಆಕ್ಸಲ್ ನಡುವೆ ಓರೆ ವೆಡ್ಜ್ ಇಟ್ಟು ಅದನ್ನು ಸರಿ ಮಾಡಿದರು. ಸ್ಪೇಸರ್ ಅರ್ಧದಷ್ಟು ತೆಳ್ಳಗಿನದು ಹಾಕಿಸಿದರು. ಚಕ್ರ ಹೊರಗೆ ಹೋದಷ್ಟೂ ಅದು ಇದ್ದಲ್ಲೇ ತಿರುಗುವುದಿಲ್ಲ, ಕಿಂಗ್‌ಪಿನ್ ಸುತ್ತ ಅರ್ಧ ವೃತ್ತ ಎಳೆದ ಹಾಗೆ ಹೋಗುತ್ತದೆ. ಅದಕ್ಕೇ ಜಾಸ್ತಿ ಬಲ ಬೇಕು, ಗುಂಡಿಗೆ ಬಿದ್ದಾಗ ಹೊಡೆತ ನೇರ ಕೈಗೆ ಬರುತ್ತದೆ. ಇಷ್ಟು ಮಾಡಿ ಮೋಟರ್ ಇಲ್ಲದೆಯೇ ಒಂದು ಸುತ್ತು ಓಡಿಸಲು ಕೊಟ್ಟರು. ಕಾಲು ಭಾಗ ಭಾರ ಆಗಲೇ ಇಳಿದಿತ್ತು ಅಂದರೆ ನಂಬಿ.

ಆಮೇಲೆ ಕಿಟ್. ನಾನು ಹಾಕಿಸಿದ್ದು ಸಣ್ಣ ಕಾರಿನಿಂದ ತೆಗೆದ ಎಲೆಕ್ಟ್ರಿಕ್ ಕಾಲಮ್ (ಸ್ಟಿಯರಿಂಗ್ ಚಕ್ರದ ಕೆಳಗಿನ ಕಂಬ), ಅದರ ಮೋಟರ್ ಮತ್ತು ಕಂಟ್ರೋಲರ್. ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಕೂಡ ಕೇಳಿದ್ದೆ. ಅದಕ್ಕೆ ಪಂಪ್, ಪುಲ್ಲಿ, ಬೆಲ್ಟ್, ಹೋಸ್, ಬೇರೆ ಸ್ಟಿಯರಿಂಗ್ ಬಾಕ್ಸ್ (ಶಾಫ್ಟಿನ ತುದಿಯ ಗೇರ್ ಪೆಟ್ಟಿಗೆ) ಎಲ್ಲ ಬೇಕು, ಖರ್ಚು ಎರಡರಷ್ಟು. ಆದರೂ ಒಂದು ಮಾತು ಹೇಳಬೇಕು. ಹೈಡ್ರಾಲಿಕ್‌ನಲ್ಲಿ ಸಹಾಯದ ಬಲ ಬಾಕ್ಸಿನ ಒಳಗೇ ಹುಟ್ಟುತ್ತದೆ. ಎಲೆಕ್ಟ್ರಿಕ್‌ನಲ್ಲಿ ಮೋಟರ್ ಕಾಲಮ್ ಮೇಲೆ ಕೂತು ಶಾಫ್ಟನ್ನು ತಿರುಗಿಸುತ್ತದೆ. ಆ ಬಲ ಎಲ್ಲ ಹಳೆ ಶಾಫ್ಟ್, ಜಾಯಿಂಟ್, ಹಳೆ ಬಾಕ್ಸ್ ಮೂಲಕವೇ ಹೋಗಬೇಕು. ಬಂಡೆ ಹತ್ತಿಸುವ ಆಟ ಆಡುವವರು, 31 ಇಂಚಿನ ಟೈರ್ ಹಾಕುವವರು ದುಡ್ಡು ಕೂಡಿಸಿ ಹೈಡ್ರಾಲಿಕ್ಕಿಗೇ ಹೋಗಿ. ನಮ್ಮ ಹಾಗೆ ತೋಟ, ಪೇಟೆ, ಘಾಟಿ ಅಂತ ಓಡಿಸುವವರಿಗೆ ಎಲೆಕ್ಟ್ರಿಕ್ ಸಾಕು.

ಹಾಕಿಸುವಾಗ ಎರಡು ವಿಷಯದಲ್ಲಿ ಹಟ ಹಿಡಿಯಿರಿ. ಶಾಫ್ಟನ್ನು ಕತ್ತರಿಸಿ ವೆಲ್ಡಿಂಗ್ ಮಾಡುತ್ತೇವೆ ಅಂದರೆ ಗಾಡಿ ವಾಪಸ್ ತನ್ನಿ. ಹಲ್ಲು ಇರುವ ಕಪ್ಲರ್ ಹಾಕಿ ಬೋಲ್ಟ್ ಬಿಗಿಯಬೇಕು. ಘಾಟಿಯ ನಡುವೆ ಆ ವೆಲ್ಡಿಂಗ್ ಬಿಟ್ಟರೆ ಏನಾಗುತ್ತದೆ ಅಂತ ಯೋಚಿಸಿದರೆ ನನಗೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಇನ್ನೊಂದು, ಮೋಟರಿಗೆ ಬ್ಯಾಟರಿಯಿಂದಲೇ ದಪ್ಪ ವಯರ್, ಅದಕ್ಕೆ ಬೇರೆ ಫ್ಯೂಸ್. ನಿಂತಲ್ಲಿ ತಿರುಗಿಸುವಾಗ ಅದು ತುಂಬಾ ಕರೆಂಟ್ ಎಳೆಯುತ್ತದೆ.

ಈಗ ಓಡಿಸಿದ ಅನುಭವ. ಅಂಗಳದಲ್ಲಿ ಒಂದು ಕೈಯಲ್ಲಿ ತಿರುಗುತ್ತದೆ. ಮಂಗಳೂರು ಪೇಟೆಯ ಹಂಪನಕಟ್ಟೆಯಲ್ಲಿ ಸಂದಿ ಹುಡುಕಿ ನಿಲ್ಲಿಸುವುದು ಮೊದಲು ನನಗೇ ಶಿಕ್ಷೆ ಆಗಿತ್ತು, ಈಗ ಆ ಚಿಂತೆ ಇಲ್ಲ. ತೋಟದ ದಾರಿಯಲ್ಲಿ ಕಲ್ಲಿಗೆ ಚಕ್ರ ಬಡಿದರೆ ಸ್ಟಿಯರಿಂಗ್ ಕೈಯಿಂದ ಕಿತ್ತುಕೊಂಡ ಹಾಗೆ ತಿರುಗುತ್ತಿತ್ತು, ಈಗ ಅದು ಬಹಳ ಕಡಿಮೆ.

ಹೆದ್ದಾರಿಯಲ್ಲಿ ಮಾತ್ರ ಮೊದಲ ದಿನ ಹೆದರಿದೆ. ಸುರತ್ಕಲ್ ದಾಟಿ ಮೂಲ್ಕಿ ಕಡೆ 80ರಲ್ಲಿ ಹೋಗುವಾಗ ಸ್ಟಿಯರಿಂಗ್ ಹತ್ತಿಯ ಹಾಗೆ ಹಗುರ. ಸ್ವಲ್ಪ ಮುಟ್ಟಿದರೂ ಗಾಡಿ ಆಚೆ ಈಚೆ. ಕಾರಣ ಏನೆಂದರೆ ಕಾರಿನಲ್ಲಿ ಈ ಕಂಟ್ರೋಲರಿಗೆ ವೇಗ ಎಷ್ಟು ಅಂತ ಸಿಗ್ನಲ್ ಹೋಗುತ್ತದೆ, ವೇಗ ಏರಿದ ಹಾಗೆ ಅದು ಸಹಾಯ ಕಡಿಮೆ ಮಾಡುತ್ತದೆ. ನಮ್ಮ ಗಾಡಿಯ ಸ್ಪೀಡೋಮೀಟರ್ ಕೇಬಲ್‌ನದ್ದು, ಸಿಗ್ನಲ್ ಎಲ್ಲಿಂದ ಬರಬೇಕು? ಇದನ್ನು ಗ್ಯಾರೇಜಿನವರು ಮೊದಲೇ ಹೇಳಬೇಕಿತ್ತು. ವಾಪಸ್ ಹೋದಾಗ ದುಡ್ಡು ಕೇಳದೆ ಡ್ಯಾಶ್ ಕೆಳಗೆ ಒಂದು ನಾಬ್ ಹಾಕಿ ಕೊಟ್ಟರು. ಪೇಟೆಗೆ ಪೂರ್ತಿ, ಹೆದ್ದಾರಿಗೆ ಕಡಿಮೆ. ನೆನಪಿಟ್ಟು ತಿರುಗಿಸಬೇಕು ಅನ್ನುವುದೇ ತೊಂದರೆ. ಕೇಬಲ್ ನಡುವೆ ಕೂರಿಸುವ ಸೆನ್ಸರ್ ತರಿಸಲು ಹೇಳಿದ್ದೇನೆ. ಅಂದ ಹಾಗೆ ಈ ಟೈರಿನಲ್ಲಿ ಮೀಟರ್ 60 ತೋರಿಸುವಾಗ ಗಾಡಿ ಓಡುವುದು 66ರ ಹತ್ತಿರ, ಅದೂ ಗಮನದಲ್ಲಿರಲಿ.

ಇನ್ನೊಂದು ಕೊರತೆ: ನಿಂತಲ್ಲೇ ನಾಲ್ಕೈದು ಸಲ ಈ ತುದಿಯಿಂದ ಆ ತುದಿಗೆ ತಿರುಗಿಸಿದರೆ ಮೋಟರ್ ಬಿಸಿಯಾಗಿ ಸಹಾಯ ಕಡಿಮೆ ಮಾಡುತ್ತದೆ. ತನ್ನನ್ನು ಉಳಿಸಿಕೊಳ್ಳಲು ಹಾಗೆ ಮಾಡುವುದು, ಸ್ವಲ್ಪ ಹೊತ್ತು ಬಿಟ್ಟರೆ ಸರಿಯಾಗುತ್ತದೆ. ಬ್ರೇಕ್ ಬಿಟ್ಟು ಚಕ್ರ ಒಂದು ಚೂರು ಉರುಳುವಾಗ ತಿರುಗಿಸಿ, ಆ ತೊಂದರೆಯೇ ಬರುವುದಿಲ್ಲ. ಕರಾವಳಿಯ ಉಪ್ಪು ಗಾಳಿಗೆ ಕನೆಕ್ಟರ್ ಹಸಿರು ಹಿಡಿಯುತ್ತದೆ, ಸೆಪ್ಟೆಂಬರಿನಲ್ಲಿ ಒಮ್ಮೆ ಬಿಚ್ಚಿ ಒರೆಸಿ ಗ್ರೀಸ್ ಹಾಕಿದೆ.

ಬಿಲ್ ಕಿಟ್ ಮತ್ತು ಕೂಲಿ ಸೇರಿ 27,000 ರೂಪಾಯಿ, ಎದುರಿನ ಆಕ್ಸಲ್ ಕೆಲಸ ಬೇರೆ 11,500. ನಾಲ್ಕು ದಿನ ಅಂದವರು ಒಂಬತ್ತು ದಿನ ತೆಗೆದರು. ಫೋನ್ ಮಾಡಿದರೆ "ನಾಳೆ ನಾಳೆ" ಅನ್ನುವ ಅಭ್ಯಾಸ ಅವರಿಗೂ ಉಂಟು. ಕೆಲಸ ಮಾತ್ರ ಅಚ್ಚುಕಟ್ಟು.

ಕಾನೂನಿನ ವಿಷಯ ಮುಚ್ಚಿಡುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರ ಬದಲಾಗುವ ಹಾಗೆ ಗಾಡಿಯನ್ನು ಮಾರ್ಪಾಡು ಮಾಡುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿಯಿತು. ದೊಡ್ಡ ಟೈರ್ ಹಾಕಿ, ಗಾಡಿ ಎತ್ತರಿಸಿ ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ಪ್ರಶ್ನೆ ಕೇಳಬಹುದು. ಕೈ ಹಾಕುವ ಮೊದಲು ಆರ್‌ಟಿಓದಲ್ಲಿ, ಇನ್ಶೂರೆನ್ಸ್‌ನಲ್ಲಿ ಕೇಳಿ. ನಾನು ಹಳೆ 205 ಟೈರು, ಹಳೆ ಕಾಲಮ್ ಎರಡನ್ನೂ ಗುಜರಿಗೆ ಹಾಕದೆ ಅಟ್ಟದಲ್ಲಿ ಇಟ್ಟಿದ್ದೇನೆ.

ಮಳೆ ಬಿಟ್ಟ ಮೇಲೆ ಒಂದು ಭಾನುವಾರ ಅಪ್ಪನೇ ಕೀ ಕೇಳಿದರು. ಸೋಮೇಶ್ವರದಿಂದ ಆಗುಂಬೆ ಘಾಟಿಯ ತಿರುವುಗಳನ್ನೆಲ್ಲ ಅವರೇ ಹತ್ತಿಸಿದರು, ನಾನು ಪಕ್ಕದ ಸೀಟಿನಲ್ಲಿ. ಮೇಲೆ ಚಾ ಕುಡಿದು ಇಳಿಯುವಾಗಲೂ ಕೀ ನನಗೆ ಕೊಡಲಿಲ್ಲ.