ಹಾಸನದಲ್ಲಿ ‘ಪೇಪರ್ ಕ್ವಾಲಿಟಿ ಚೆಕ್’ ಮಾಡಿಸುವವರು ಫೈಲ್ ಕೊಡುವ ಮುಂಚೆ ಇದನ್ನು ಓದಿ

ಹಾಸನದಲ್ಲಿ ಥೀಸಿಸ್ ಟೈಪಿಂಗ್, ಬೈಂಡಿಂಗ್ ಮಾಡುವ ಅಂಗಡಿಯೊಂದು ‘ಸಾಫ್ಟ್‌ವೇರ್‌ನಲ್ಲಿ ಕ್ವಾಲಿಟಿ ಚೆಕ್, ಸರ್ಟಿಫಿಕೇಟ್ ಸಮೇತ’ ಅಂತ ಬೋರ್ಡ್ ಹಾಕಿದೆ. ದಯವಿಟ್ಟು ಕೊಡಬೇಡಿ. ಕಾಫಿ ಬೆಳೆಗಾರರ ಸಮೀಕ್ಷೆ ಆಧರಿಸಿದ ನಮ್ಮ ಇಂಗ್ಲಿಷ್ ಸಂಶೋಧನಾ ಪೇಪರ್ ಅವರ ಕೈಯಲ್ಲಿ ಕೆಟ್ಟು ಕುಲಗೆಟ್ಟಿದೆ. 2,500 ರೂಪಾಯಿಯೂ ಹೋಯಿತು.

ಮೊದಲ ರಿಪೋರ್ಟ್‌ನಲ್ಲಿ ಬೇರೆಯವರ ಬರಹಗಳ ಜೊತೆ ಹೋಲಿಕೆ 34% ತೋರಿಸಿದರು. ‘ಹೆದರ್ಬೇಡಿ ಸಾರ್, 7ಕ್ಕೆ ಇಳಿಸ್ಕೊಡ್ತೀವಿ’ ಎಂದರು. ಇಳಿಸಿದರು ಕೂಡ. ಜೊತೆಗೆ ‘ಕ್ವಾಲಿಟಿ ಸ್ಕೋರ್ 91’ ಎಂದು ಸೀಲು ಒತ್ತಿದ ಸರ್ಟಿಫಿಕೇಟ್.

ಫೈಲ್ ತೆರೆದು ಓದಿದರೆ ಮೈಯೆಲ್ಲ ಉರಿಯುತ್ತದೆ. ‘ವೈಟ್ ಸ್ಟೆಮ್ ಬೋರರ್’ ಹೋಗಿ ‘ಪೇಲ್ ಟ್ರಂಕ್ ಡ್ರಿಲ್ಲರ್’ ಆಗಿದೆ! ಸಕಲೇಶಪುರ, ಮೂಡಿಗೆರೆಯಲ್ಲಿ ಅರೇಬಿಕಾ ಬೆಳೆಯುವ ಯಾರಿಗಾದರೂ ಗೊತ್ತಿರುವ ಕೀಟ ಅದು. ಸಂಖ್ಯಾಶಾಸ್ತ್ರದ ‘ಸ್ಟ್ಯಾಂಡರ್ಡ್ ಡೀವಿಯೇಷನ್’ ಇದ್ದ ಕಡೆ ‘ನಾರ್ಮಲ್ ಡಿಪಾರ್ಚರ್’. ಪದ ಬದಲಿಸುವ ತಂತ್ರಾಂಶಕ್ಕೆ ಇಡೀ ಪೇಪರ್ ಸುರಿದಿದ್ದಾರೆ, ಅಷ್ಟೇ. ಹೋಲಿಕೆ ಹುಡುಕುವ ಯಂತ್ರ ಮುಖ್ಯವಾಗಿ ಪದಗಳ ಸಾಲನ್ನು ನೋಡುತ್ತದೆ, ಸಮಾನಾರ್ಥಕ ತುರುಕಿದರೆ ಶೇಕಡಾ ಇಳಿಯುತ್ತದೆ. ಆದರೆ ಇಂಥ ತಿರುಚಿದ ಪದಗಳನ್ನೇ ಹುಡುಕುವ ‘ಪ್ರಾಬ್ಲಮ್ಯಾಟಿಕ್ ಪೇಪರ್ ಸ್ಕ್ರೀನರ್’ ಕೂಡ ಇದೆ. ಅದರಲ್ಲಿ ಸಿಕ್ಕಿಬಿದ್ದ ಪೇಪರ್‌ಗಳನ್ನು ಜರ್ನಲ್‌ಗಳು ಹಿಂತೆಗೆದುಕೊಂಡಿವೆ.

ಕೇಳಿದ್ದಕ್ಕೆ ಮೊದಲ ಉತ್ತರ: ‘ಅರ್ಥ ಒಂದೇ ಅಲ್ವಾ ಸಾರ್?’ ಎರಡನೆಯದು: ‘ಎಲ್ರೂ ಪರ್ಸೆಂಟೇಜ್ ನೋಡ್ತಾರೆ, ಓದೋರು ಯಾರು?’ ದುಡ್ಡು ವಾಪಸ್ ಕೇಳಿದರೆ, ‘7 ಬಂದಿದೆಯಲ್ಲ, ಕೆಲಸ ಆಯ್ತಲ್ಲ.’ ಓದೋರು ಯಾರಂತೆ! ಜರ್ನಲ್‌ನ ವಿಮರ್ಶಕರು ಓದುತ್ತಾರೆ, ಗೈಡ್ ಓದುತ್ತಾರೆ.

ನಿಜ ಹೇಳಬೇಕೆಂದರೆ ಇಳಿಸುವ ಅಗತ್ಯವೇ ಇರಲಿಲ್ಲ. ಯುಜಿಸಿಯ 2018ರ ನಿಯಮದಂತೆ ಉಲ್ಲೇಖ ಪಟ್ಟಿ, ಪರಿವಿಡಿ, ಕೃತಜ್ಞತೆ ಲೆಕ್ಕಕ್ಕೆ ಬರುವುದಿಲ್ಲ. ಅವನ್ನು ಬಿಟ್ಟು 10%ವರೆಗೆ ಹೋಲಿಕೆಯಿದ್ದರೆ ದಂಡವಿಲ್ಲ. ಇವರು ಉಲ್ಲೇಖ ಪಟ್ಟಿ ಕೈಬಿಡುವ ಫಿಲ್ಟರ್ ಹಾಕದೆ 34 ತೋರಿಸಿ ಹೆದರಿಸಿದ್ದರು. ಮೂಲ ಪ್ರತಿಯನ್ನು ಲೈಬ್ರರಿಯಲ್ಲಿ ಫಿಲ್ಟರ್ ಹಾಕಿ ನೋಡಿದಾಗ ಬಂದದ್ದು 9! ಒಂಬತ್ತು!

ಇನ್ನು ಆ 91. ಅವರೇ ಮತ್ತೆ ಟೈಪ್ ಮಾಡಿದ ಕೋಷ್ಟಕದಲ್ಲಿ ಸರಾಸರಿ 3.48 ಇದ್ದದ್ದು 3.47 ಆಗಿದೆ. ಆ ಪ್ರಶ್ನೆಗೆ 25 ಜನ 1ರಿಂದ 5ರೊಳಗೆ ಪೂರ್ಣಾಂಕ ಕೊಟ್ಟಿದ್ದರು, ಹಾಗಾಗಿ ಸರಾಸರಿ 0.04ರ ಮೆಟ್ಟಿಲಲ್ಲೇ ಏರಬೇಕು: 86 ಭಾಗ 25 ಅಂದರೆ 3.44, 87 ಭಾಗ 25 ಅಂದರೆ 3.48. ನಡುವೆ 3.47 ಬರಲು ಸಾಧ್ಯವೇ ಇಲ್ಲ. ಗ್ರಿಮ್ ಪರೀಕ್ಷೆ ಅನ್ನುವುದು ಇದನ್ನೇ, ಕ್ಯಾಲ್ಕುಲೇಟರ್ ಸಾಕು. ಸಂಖ್ಯಾಶಾಸ್ತ್ರದ ಟಿ-ಪರೀಕ್ಷೆಯ ಫಲಿತಾಂಶ ಟಿ(24) = 2.70 ಎಂದಿದ್ದದ್ದು 1.70 ಆಗಿದೆ, ಪಕ್ಕದಲ್ಲಿ ‘ಪಿ < 0.05’ ಹಾಗೇ ಕೂತಿದೆ. 1.70ಕ್ಕೆ ಎರಡು ಬದಿಯ ಪಿ (ನಿಜವಾದ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ದೊಡ್ಡ ಟಿ ಬರುವ ಸಂಭವ) ಸುಮಾರು 0.10, ಅಂದರೆ 0.05ಕ್ಕಿಂತ ಕಡಿಮೆ ಅಲ್ಲ. ಸ್ಟ್ಯಾಟ್‌ಚೆಕ್ ಎಂಬ ಉಚಿತ ತಂತ್ರಾಂಶ ಇದನ್ನು ಹಿಡಿಯುತ್ತದೆ, ಫಲಿತಾಂಶ ವಾಕ್ಯದೊಳಗೆ ಎಪಿಎ ಶೈಲಿಯಲ್ಲಿ (ಅಮೆರಿಕದ ಮನೋವಿಜ್ಞಾನ ಸಂಘದ ಬರವಣಿಗೆ ಪದ್ಧತಿ) ಇದ್ದರೆ ಮಾತ್ರ. ಇವೆರಡನ್ನೂ ನೋಡದ ಕ್ವಾಲಿಟಿ ಚೆಕ್ ಯಾವುದರದು?

ಮಾಡಿಸಲೇಬೇಕಾದರೆ ನಿಮ್ಮ ವಿಶ್ವವಿದ್ಯಾಲಯದ ಲೈಬ್ರರಿಗೆ ಹೋಗಿ. ಶೋಧಶುದ್ಧಿ ಯೋಜನೆಯಲ್ಲಿ ಯುಜಿಸಿಯ ಇನ್‌ಫ್ಲಿಬ್‌ನೆಟ್ ಕೇಂದ್ರ ವಿಶ್ವವಿದ್ಯಾಲಯಗಳಿಗೆ ಹೋಲಿಕೆ ಹುಡುಕುವ ತಂತ್ರಾಂಶ ಕೊಡುತ್ತದೆ. ಬರೀ ಶೇಕಡಾ ಅಲ್ಲ, ಬಣ್ಣ ಹಚ್ಚಿದ ಪೂರ್ತಿ ರಿಪೋರ್ಟ್ ಕೇಳಿ. ‘ರೆಪಾಸಿಟರಿಗೆ (ತಂತ್ರಾಂಶ ಹೋಲಿಸಿ ನೋಡಲು ಇಟ್ಟುಕೊಳ್ಳುವ ಸಂಗ್ರಹ) ಸೇರಿಸಬೇಡಿ’ ಎಂದು ಮೊದಲೇ ಹೇಳಿ. ಸೇರಿಸಿಬಿಟ್ಟರೆ, ಮುಂದೆ ಅದೇ ತಂತ್ರಾಂಶದಲ್ಲಿ ನಿಮ್ಮ ಪೇಪರ್ ನಿಮ್ಮದಕ್ಕೇ ಹೊಂದಿಕೆಯಾಗಿ ಕದ್ದದ್ದು ಅನ್ನಿಸಿಕೊಳ್ಳುತ್ತದೆ. ನಮ್ಮದನ್ನು ಸೇರಿಸಿದ್ದೀರಾ ಎಂದು ಅಂಗಡಿಯವರನ್ನು ಕೇಳಿದ್ದಕ್ಕೆ, ‘ಗೊತ್ತಿಲ್ಲ ಸಾರ್, ಅಕೌಂಟ್ ಬೆಂಗಳೂರಿನವ್ರದ್ದು’ ಎಂದು ಫೋನ್ ಇಟ್ಟರು. ಆಮೇಲೆ ಎತ್ತಿಲ್ಲ.