ಬನ್ನಿಮಂಟಪದ ಬಳಿ ಒಂದು ದಿನದ ಧ್ಯಾನಕೂಟ

ಕ್ರೈಸ್ತರು ಈಸ್ಟರ್ ಹಬ್ಬಕ್ಕೆ ಮುನ್ನ ಆಚರಿಸುವ ತಪಸ್ಸುಕಾಲದಲ್ಲಿ ಮೈಸೂರಿನ ಬನ್ನಿಮಂಟಪದ ಬಳಿ ದೀನತೆಯನ್ನು ಕುರಿತು ನಡೆದ ಒಂದು ದಿನದ ಧ್ಯಾನಕೂಟದಲ್ಲಿ ನಾನು ಪಾಲ್ಗೊಂಡಿದ್ದೆ. ಸಂತ ಪೌಲರು ಸೆರೆಯಲ್ಲಿದ್ದಾಗ ಫಿಲಿಪ್ಪಿ ಪಟ್ಟಣದ ಕ್ರೈಸ್ತರಿಗೆ ಬರೆದ, ಬೈಬಲಿನಲ್ಲಿರುವ ಪತ್ರದ 2ನೆಯ ಅಧ್ಯಾಯವನ್ನು ಆಧಾರವಾಗಿಟ್ಟುಕೊಂಡು, ದೇವಸ್ವರೂಪಿಯಾದ ಕ್ರಿಸ್ತರು ದಾಸನ ರೂಪವನ್ನು ಧರಿಸಿದ್ದರಿಂದಲೇ ಇತರರನ್ನು ತನಗಿಂತ ಹೆಚ್ಚಿನವರೆಂದು ಎಣಿಸುವ ಬದುಕು ನಮಗೆ ಸಾಧ್ಯವಾಗುತ್ತದೆಂದು ಗುರುಗಳು ನಿಧಾನವಾಗಿ ಬಿಡಿಸಿ ಹೇಳಿದರು. ಮಧ್ಯಾಹ್ನ ಅವರೇ ಅನ್ನ, ಹುರುಳಿಕಾಳಿನ ಸಾರು ಬಡಿಸಿ, ಅಡುಗೆಯವರೂ ಉಂಡ ಮೇಲೆ ಕೊನೆಯಲ್ಲಿ ಊಟಕ್ಕೆ ಕುಳಿತರು. ಬೆಳಗಿನ ಉಪನ್ಯಾಸಕ್ಕಿಂತ ಈ ದೃಶ್ಯವೇ ನನ್ನ ಮನಸ್ಸನ್ನು ಹೆಚ್ಚು ಕಲಕಿತು. ದೀನತೆಗೂ ಕೀಳರಿಮೆಗೂ ಇರುವ ಅಂತರವನ್ನು ಮಾತ್ರ ಅವಸರದಲ್ಲಿ ಮುಗಿಸಿದ್ದು ಕೊರತೆಯೇ ಸರಿ, ಏಕೆಂದರೆ ದಿನವೂ ಮನೆಮಂದಿಗೆಲ್ಲ ಬಡಿಸಿ ಕೊನೆಗೆ ಉಣ್ಣುವ ಹೆಂಗಸರಿಗೆ ಆ ವಿವರಣೆ ಅತ್ಯಗತ್ಯವಾಗಿತ್ತು. ಯೇಸು ಶಿಷ್ಯರ ಪಾದ ತೊಳೆದುದನ್ನು ಸ್ಮರಿಸುವ ಪವಿತ್ರ ಗುರುವಾರದ ಪಾದ ತೊಳೆಯುವ ವಿಧಿಗೆ ಮುನ್ನ ಮನಸ್ಸನ್ನು ಸಿದ್ಧಪಡಿಸಿಕೊಳ್ಳಬಯಸುವವರು ಇಂಥ ಧ್ಯಾನಕೂಟಕ್ಕೆ ಹೋಗಬಹುದು, ಶುಲ್ಕವಿಲ್ಲ.