ಕೋಪನ್‌ಹೇಗನ್‌ನ ಎರಡು ರಾತ್ರಿ, ಕಲೋನ್‌ನ ಒಂದು ರಾತ್ರಿ

ಅಮೆರಿಕದ ಜಾಝ್ ಕಲಾವಿದರು ಯುರೋಪಿನಲ್ಲಿ ನೀಡಿದ ಕಛೇರಿಗಳ ಮೂರು ಧ್ವನಿಮುದ್ರಿಕೆಗಳನ್ನು ಒಂದರ ಪಕ್ಕ ಒಂದಿಟ್ಟು ತಿಂಗಳಿಡೀ ಕೇಳಿದೆ. ಬೇಸ್ ಕ್ಲಾರಿನೆಟ್ ಎಂಬ ಮಂದ್ರದ ಊದುವಾದ್ಯ ನುಡಿಸುವ ಎರಿಕ್ ಡಾಲ್ಫಿ, ಡೆನ್ಮಾರ್ಕಿನ ಕೋಪನ್‌ಹೇಗನ್, 1961. ಸ್ಯಾಕ್ಸೊಫೋನಿನ ಡೆಕ್ಸ್‌ಟರ್ ಗಾರ್ಡನ್, ಅದೇ ಊರು, 1964. ಒಬ್ಬನೇ ಪಿಯಾನೊ ನುಡಿಸುವ ಕೀತ್ ಜ್ಯಾರೆಟ್, ಜರ್ಮನಿಯ ಕಲೋನ್, 1975. ಒಂದೇ ಹೆಡ್‌ಫೋನ್, ರಾತ್ರಿ ಹತ್ತರ ನಂತರ, ದೀಪ ಆರಿಸಿ. ಜಾಝ್ ಕೇಳಲು ಎಲ್ಲಿಂದ ಶುರು ಮಾಡಲಿ ಎಂದು ಯಾರಾದರೂ ಕೇಳಿದರೆ ನಾನು ಹಿಂದೆಮುಂದೆ ನೋಡದೆ ಕಲೋನ್ ಎನ್ನುತ್ತಿದ್ದೆ. ಈಗ ಎನ್ನಲಾರೆ.

ಕಲೋನ್ ಕಛೇರಿಯ ಕತೆ ಬಹಳ ಜನರಿಗೆ ಗೊತ್ತು. 1975ರ ಜನವರಿ 24. ಆಪೆರಾ ಭವನದಲ್ಲಿ ಅಂದಿನ ಆಪೆರಾ, ಅಂದರೆ ಹಾಡುನಾಟಕ, ಮುಗಿದ ಮೇಲೆ, ರಾತ್ರಿ ಹನ್ನೊಂದೂವರೆಗೆ ಸಿಕ್ಕಿದ ಅವಕಾಶ. ಜ್ಯಾರೆಟ್ ಕೇಳಿದ್ದ ಪಿಯಾನೊ ಬಂದಿರಲಿಲ್ಲ. ವೇದಿಕೆಯಲ್ಲಿದ್ದದ್ದು ಬೋಸೆಂಡಾರ್ಫರ್ ಕಂಪನಿಯ ಚಿಕ್ಕ ಪಿಯಾನೊ. ಅದರ ತಾರಸ್ವರಗಳು ತಗಡಿನಂತೆ ಕೇಳುತ್ತಿದ್ದವು, ಮಂದ್ರಕ್ಕೆ ತುಂಬು ನಾದವಿರಲಿಲ್ಲ, ಪೆಡಲ್ ಸರಿಯಿರಲಿಲ್ಲ. ಹಾಗಾಗಿ ಆತ ಹೆಚ್ಚಾಗಿ ನಡುವಿನ ಸ್ಥಾಯಿಯಲ್ಲೇ ಉಳಿದ, ಎಡಗೈಯಲ್ಲಿ ಎರಡೇ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು) ನಿಮಿಷಗಟ್ಟಲೆ ಮರಳಿ ಮರಳಿ ಉರುಳಿಸಿದ. ಇಪ್ಪತ್ತಾರು ನಿಮಿಷದ ಮೊದಲ ಭಾಗದಲ್ಲಿ ಆ ಉರುಳಾಟದ ಮೇಲೆ ಬಲಗೈ ತೆರೆದುಕೊಳ್ಳುತ್ತಾ ಹೋಗುವುದನ್ನು ಕೇಳಿದಾಗ ಈಗಲೂ ನನ್ನ ಮೈ ನವಿರೇಳುತ್ತದೆ. ಕೊರತೆಯಿಂದ ಇಷ್ಟನ್ನು ಹಿಂಡಿ ತೆಗೆದ ಇನ್ನೊಂದು ಕಛೇರಿಯನ್ನು ನಾನು ಕೇಳಿಲ್ಲ.

ಆದರೆ ಏಳೆಂಟು ರಾತ್ರಿ ಕೇಳಿದ ಮೇಲೆ ಒಂದು ಒಂಟಿತನ ಕಾಡತೊಡಗಿತು. ಶುರುವಿನ ಸ್ವರಗಳು ಆ ಭವನದಲ್ಲಿ ಪ್ರೇಕ್ಷಕರನ್ನು ಒಳಗೆ ಕರೆಯುವ ಗಂಟೆಯ ದನಿಯಂತಿವೆ, ಅದನ್ನು ಗುರುತಿಸಿದವರ ಸಣ್ಣ ನಗು ಮುದ್ರಿಕೆಯಲ್ಲಿ ಕೇಳುತ್ತದೆ. ಅಷ್ಟೇ. ಆಮೇಲೆ ಆ ಊರು ಎಲ್ಲೋ ಹಿಂದೆ ಉಳಿದುಬಿಡುತ್ತದೆ. ಇರುವುದು ಜ್ಯಾರೆಟ್, ನುಡಿಸುತ್ತಾ ಆತ ಹೊರಡಿಸುವ ನರಳಿಕೆ, ಪಿಯಾನೊ.

ಡೆಕ್ಸ್‌ಟರ್ ಗಾರ್ಡನ್‌ನ ಮುದ್ರಿಕೆಯಲ್ಲಿ ಊರು ಜೊತೆಯಲ್ಲೇ ಕೂತಿದೆ. ಆತ 1962ರಲ್ಲಿ ಯುರೋಪಿಗೆ ಬಂದು, ಕೋಪನ್‌ಹೇಗನ್‌ನಲ್ಲಿ ನೆಲೆಯೂರಿ, ವರ್ಷಗಟ್ಟಲೆ ಅಲ್ಲೇ ಬಾಳಿದವನು. 1964ರ ಬೇಸಿಗೆಯಲ್ಲಿ ಮಾಂಮಾರ್ತ್ರ್ ಎಂಬ ಕ್ಲಬ್ಬಿನಲ್ಲಿ ನಡೆದ ಆತನ ಕಛೇರಿಗಳನ್ನು ಡೆನ್ಮಾರ್ಕಿನ ರೇಡಿಯೊ ಪ್ರಸಾರ ಮಾಡಿತು. ಎಷ್ಟೋ ವರ್ಷಗಳ ನಂತರ ಅವು ಸ್ಟೀಪಲ್‌ಚೇಸ್ ಕಂಪನಿಯಿಂದ ಆಲ್ಬಂಗಳಾಗಿ ಬಂದವು. ಪಿಯಾನೊದಲ್ಲಿ ಬಾರ್ಸಿಲೋನಾದ ತೇತೆ ಮೊಂತೊಲಿಯು, ಹುಟ್ಟುಕುರುಡ. ಡ್ರಮ್ಸ್‌ನಲ್ಲಿ ಅಲೆಕ್ಸ್ ರೀಲ್. ಬೇಸ್ ಎಂಬ ಮಂದ್ರದ ದೊಡ್ಡ ತಂತಿವಾದ್ಯದಲ್ಲಿ ನೀಲ್ಸ್-ಹೆನಿಂಗ್ ಅರ್ಸ್ಟೆಡ್ ಪೆಡರ್ಸನ್, ಆಗಿನ್ನೂ ಹದಿನೆಂಟು ವರ್ಷದ ಹುಡುಗ!

'ಚೀಸ್ ಕೇಕ್' ಎಂಬ ರಚನೆಯನ್ನು ಗಾರ್ಡನ್ ಎರಡು ವರ್ಷ ಮೊದಲೇ ಅಮೆರಿಕದ ಸ್ಟುಡಿಯೊದಲ್ಲಿ ಮುದ್ರಿಸಿದ್ದ, ಆರೂವರೆ ನಿಮಿಷದಲ್ಲಿ, ಒಂದು ಕೂದಲೂ ಕೆದರದಂತೆ. ಕ್ಲಬ್ಬಿನಲ್ಲಿ ಅದೇ ರಚನೆಗೆ ಆತ ಬೇಕಾದಷ್ಟು ಹೊತ್ತು ಕೊಡುತ್ತಾನೆ. ಸ್ಯಾಕ್ಸೊಫೋನ್ ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ನಡೆಯುತ್ತದೆ, ಊಟ ಮುಗಿಸಿ ಅಡ್ಡಾಡಲು ಹೊರಟವನ ಹಾಗೆ. ಆ ನಿಧಾನ ಜಾರಿ ಬೀಳದಿರುವುದು ಹುಡುಗನ ಬೇಸ್‌ನಿಂದ. ಒಂದು ರಾತ್ರಿ ನಾನು ಬೇಸನ್ನು ಮಾತ್ರ ಹಿಂಬಾಲಿಸಿದೆ. ಒಂದೊಂದು ಸ್ವರವೂ ಸುತ್ತಿಗೆಯಿಂದ ಹೊಡೆದ ಮೊಳೆಯ ಹಾಗೆ ನೆಟ್ಟಗೆ ಕೂರುತ್ತದೆ. ಗಾರ್ಡನ್ ವಾಕ್ಯ ಮುಗಿಸಿ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಮೊಂತೊಲಿಯು ಚಿಟಿಕೆ ಹೊಡೆದಂತೆ ಎರಡು ಕಾರ್ಡ್ ಇಟ್ಟು ಸರಿಯುತ್ತಾನೆ. ಪಕ್ಕವಾದ್ಯ ಹೇಗಿರಬೇಕೆಂದು ಯಾರಾದರೂ ಕೇಳಿದರೆ ಆ ಎರಡು ಕಾರ್ಡ್‌ಗಳನ್ನು ಕೇಳಿಸುತ್ತೇನೆ.

ಧ್ವನಿಯ ಗುಣಮಟ್ಟದಲ್ಲಿ ಕಲೋನ್ ಬಹಳ ಮುಂದಿದೆ, ಅದರಲ್ಲಿ ಅನುಮಾನವಿಲ್ಲ. ರೇಡಿಯೊ ಮುದ್ರಣಕ್ಕೆ ಆ ಆಳವಿಲ್ಲ. ಆದರೂ ಹೊಸಬರಿಗೆ ನಾನು ಇನ್ನು ಕೊಡುವುದು ಗಾರ್ಡನ್‌ನನ್ನೇ. ನಾಲ್ವರು ಒಬ್ಬರ ಮಾತನ್ನೊಬ್ಬರು ಕೇಳುತ್ತಾ ನುಡಿಸುವುದು ಜಾಝ್‌ನ ಜೀವ ಎಂದು ನಂಬಿದವನು ನಾನು, ಅದು ಅಲ್ಲಿ ಕೈಗೆ ಸಿಗುವಷ್ಟು ಹತ್ತಿರದಲ್ಲಿದೆ.

  

ಡಾಲ್ಫಿಯ ವಿಷಯದಲ್ಲಿ ಮಾತ್ರ ನನ್ನ ಈ ಅಳತೆಗೋಲು ಕೆಲಸಕ್ಕೆ ಬರುವುದಿಲ್ಲ. 1961ರ ಸೆಪ್ಟೆಂಬರ್ 8ರಂದು ಆತನ ಜೊತೆಗಿದ್ದ ಡೆನ್ಮಾರ್ಕಿನ ಮೂವರು, ಬೆಂಟ್ ಆಕ್ಸೆನ್, ಎರಿಕ್ ಮೋಸ್‌ಹೋಲ್ಮ್ ಮತ್ತು ಯೋರ್ನ್ ಎಲ್ನಿಫ್, ಶ್ರದ್ಧೆಯಿಂದ ನುಡಿಸುತ್ತಾರೆ. ಆದರೆ ಆತ ಜಿಗಿದಾಗ ಇವರು ನೆಲದ ಮೇಲೇ ಇರುತ್ತಾರೆ. ಮೂರು ಮುದ್ರಿಕೆಗಳಲ್ಲಿ ಪಕ್ಕವಾದ್ಯ ತೀರ ಸೋತಿರುವುದು ಇಲ್ಲಿ. ಹೀಗಿದ್ದೂ ಬಿಲ್ಲಿ ಹಾಲಿಡೇ ಹಾಡಿದ್ದ 'ಗಾಡ್ ಬ್ಲೆಸ್ ದ ಚೈಲ್ಡ್' ಅನ್ನು ಡಾಲ್ಫಿ ಬೇಸ್ ಕ್ಲಾರಿನೆಟ್ ಒಂದರಲ್ಲೇ ನುಡಿಸುವ ಆ ಕೆಲವು ನಿಮಿಷಗಳ ಮುಂದೆ ಉಳಿದೆರಡೂ ಚಿಕ್ಕದಾಗುತ್ತವೆ. ಮಂದ್ರದಿಂದ ಮೇಲಕ್ಕೂ ಮೇಲಿನಿಂದ ಮಂದ್ರಕ್ಕೂ ಸ್ವರಗಳನ್ನು ಎಡೆಬಿಡದೆ ಬಿಚ್ಚುತ್ತಾ ಹೋಗುತ್ತಾನೆ. ಅವುಗಳ ನಡುವೆ ಹಾಡಿನ ಧಾಟಿ ಒಮ್ಮೆ ಕಂಡು ಮತ್ತೆ ಮುಳುಗುತ್ತದೆ. ವಾದ್ಯದ ಬಾಯಲ್ಲಿರುವ ತೆಳು ಜೊಂಡುಪಟ್ಟಿಯ ನಡುಕವೂ ಕಿವಿಗೆ ಬೀಳುತ್ತದೆ.

ಒಂದು ರಾತ್ರಿ ಹೆಡ್‌ಫೋನ್ ತೆಗೆದಿಟ್ಟು ಅದನ್ನು ಸ್ಪೀಕರಿನಲ್ಲಿ ಹಾಕಿದೆ. ಅಡುಗೆಮನೆಯಲ್ಲಿದ್ದ ಅಮ್ಮ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತರು.

"ಇವನ ಜೊತೆ ಯಾರೂ ಇಲ್ಲವೇನೋ?"

"ಇಲ್ಲಮ್ಮ, ಒಬ್ಬನೇ."

ಕುರ್ಚಿ ಎಳೆದುಕೊಂಡು ಕೂತು ಕೊನೆಯವರೆಗೂ ಕೇಳಿದರು. ಮುಂದಿನದು 'ಓಲಿಯೊ', ಅದರಲ್ಲಿ ಆ ಮೂವರೂ ಇದ್ದಾರೆ. ಡ್ರಮ್ಸ್ ಶುರುವಾಗುತ್ತಿದ್ದಂತೆ ಅಮ್ಮ ಎದ್ದರು. "ಮೊದಲಿನದನ್ನೇ ಇನ್ನೊಮ್ಮೆ ಹಾಕು," ಎಂದರು.